ನಿಷಾದದ ಮೇಲಿನ ತಡೆ

ಮೂರನೆಯ ಸಲ ಹಾಕಿದಾಗಲೂ ಕ್ಯಾಸೆಟ್ಟಿನ ಗಾಯಕ ನಿಲ್ಲಲಿಲ್ಲ.

ಅವಳು ಮತ್ತೆ ಹಿಂದಕ್ಕೆ ಸುತ್ತಿದಳು. ಹೆಡ್‌ಫೋನನ್ನು ಎರಡು ಕೈಯಿಂದಲೂ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿಕೊಂಡು, ಮುಲ್ತಾನಿ ರಾಗದ ಹಾಡಿನ ಎರಡನೆಯ ಭಾಗ, ಅಂತರಾ, ಬರುವುದನ್ನು ಕಾದಳು. ದನಿ ಪಂಚಮದಿಂದ ಎದ್ದು ನಿಷಾದಕ್ಕೆ ಬಂತು. ಅಲ್ಲಿ ಉಸಿರು ಕಡಿಯದೆ, ಯಾರ ಅಪ್ಪಣೆಗೂ ಕಾಯದೆ, ಸೀದಾ ಮೇಲಿನ ಷಡ್ಜಕ್ಕೆ ಹೋಗಿ ಕೂತಿತು. ಕೂತದ್ದಷ್ಟೇ ಅಲ್ಲ, ತನ್ನದೇ ಮನೆ ಎಂಬಂತೆ ಕಾಲು ಚಾಚಿಕೊಂಡು ಅಲ್ಲೇ ಉಳಿಯಿತು.

ಇದು ಯಾರೋ ಬೇರೆಯವರದು ಎಂದುಕೊಂಡಳು. ಗುರುಗಳಿಗೆ ಎಪ್ಪತ್ತೈದು ತುಂಬುವ ಸಂದರ್ಭಕ್ಕೆ ಅವರ ಹಳೆಯ ಕಛೇರಿಗಳ ಸಂಗ್ರಹವೊಂದನ್ನು ಹೊರತರಬೇಕೆಂದು ಅಭಿಮಾನಿಗಳು ತೀರ್ಮಾನಿಸಿದ್ದರು. ಇದ್ದಬದ್ದ ಕ್ಯಾಸೆಟ್ಟುಗಳನ್ನೆಲ್ಲ ಕೇಳಿ, ಗೊರಗೊರ ಸದ್ದು ತೆಗೆದು, ಕಂಪ್ಯೂಟರಿಗೆ ಏರಿಸುವ ಕೆಲಸ ಅವಳ ತಲೆಗೆ ಬಂದಿತ್ತು. ಹಿರಿಯ ಶಿಷ್ಯೆ ಎಂಬ ಬಿರುದಿನ ಬೆನ್ನಿಗೇ ಬರುವ ಬಿಟ್ಟಿ ಕೆಲಸಗಳಲ್ಲಿ ಇದೂ ಒಂದು. ಈ ಕ್ಯಾಸೆಟ್ಟು ತೀರಿಕೊಂಡ ರಸಿಕರೊಬ್ಬರ ಮನೆಯವರು ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು. ಮೇಲೆ ಗುರುಗಳ ಹೆಸರು, ಮೂವತ್ತೇಳು ವರ್ಷದ ಹಿಂದಿನ ತಾರೀಕು. ಹೆಸರು ತಪ್ಪಾಗಿ ಬರೆದವರನ್ನು ಮನಸ್ಸಿನಲ್ಲೇ ಬೈಯುತ್ತಿರುವಷ್ಟರಲ್ಲಿ ಹಾಡು ಮುಗಿದು ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಗಾಯಕ ಗಂಟಲು ಸರಿಮಾಡಿಕೊಂಡು ತಬಲಾದವನನ್ನು ಮೆಲ್ಲಗೆ ಗದರಿಸಿದ: "ನನ್ನ ಮುಖ ಏನು ನೋಡ್ತೀಯ, ಲಯ ನೋಡು."

ಇಪ್ಪತ್ತೆರಡು ವರ್ಷದಿಂದ ಪ್ರತಿ ಕಛೇರಿಯಲ್ಲೂ ಅವಳು ಕೇಳುತ್ತ ಬಂದ ಮಾತು ಅದು. ಅದೇ ಗಂಟಲು, ಅದೇ ಗದರಿಕೆ. ಹಾಡಿದ್ದು ಗುರುಗಳೇ. ಆದರೂ ಅವಳಿಗೆ ನಂಬಲಾಗಲಿಲ್ಲ.

ಯಾಕೆಂದರೆ ಗುರುಗಳೆಂದರೆ ತಡೆ, ತಡೆಯೆಂದರೆ ಗುರುಗಳು. ಮೇಲಿನ ಷಡ್ಜಕ್ಕೆ ಒಂದೇ ಮೆಟ್ಟಿಲಿದೆ ಎನ್ನುವಾಗ, ನಿಷಾದದ ಮೇಲೆ ದನಿ ಕಡಿದು, ಬಲಗೈ ಮೇಲೆತ್ತಿ, ಸದ್ದೇ ಇಲ್ಲದೆ ಒಂದು ಕ್ಷಣ ಕಾದು, ಆಮೇಲೆ ಹೊಸ ಉಸಿರಿನಲ್ಲಿ ಷಡ್ಜಕ್ಕೆ ಕಾಲಿಡುವುದು ಅವರ ಶೈಲಿ. ಆ ಒಂದು ಕ್ಷಣ ಸಭೆಯೂ ಉಸಿರು ಬಿಗಿಹಿಡಿಯುತ್ತಿತ್ತು. ಮೌನವನ್ನೂ ಸ್ವರವಾಗಿಸಿದ ಗಾಯಕ, ಷಡ್ಜದ ಬಾಗಿಲಲ್ಲಿ ಕಾಯುವ ವಿನಯ ಎಂದೆಲ್ಲ ಪತ್ರಿಕೆಗಳು ಬರೆದಿದ್ದವು. ಒಬ್ಬ ಮಹಾಶಯ ಅದರ ಮೇಲೆ ಇನ್ನೂರು ಪುಟದ ಪ್ರಬಂಧ ಬರೆದು ಡಾಕ್ಟರೇಟನ್ನೇ ಹೊಡೆದುಕೊಂಡಿದ್ದ. ಗುರುಗಳ ಶಿಷ್ಯರನ್ನು ಜನ ಗುರುತಿಸುತ್ತಿದ್ದದ್ದೂ ಆ ತಡೆಯಿಂದಲೇ.

ಅವಳು ಹತ್ತೊಂಬತ್ತನೆಯ ವಯಸ್ಸಿಗೆ ಅವರಲ್ಲಿಗೆ ಬಂದಾಗ ಎದೆ ತುಂಬ ಉಸಿರಿತ್ತು. ಮನೆಯಲ್ಲಿ ಅಣ್ಣಂದಿರು 'ಪಂಪು' ಎಂದು ಕರೆಯುತ್ತಿದ್ದರು. ಈಜುಕೊಳದಲ್ಲಿ ಮುಳುಗಿದರೆ ಇವಳು ಮೇಲೆ ಬರುವಷ್ಟರಲ್ಲಿ ಅವರಿಬ್ಬರೂ ಗಾಬರಿಯಾಗಿ ಅಮ್ಮನನ್ನು ಕರೆದಿರುತ್ತಿದ್ದರು. ಮೊದಲ ದಿನ ಅವಳು ಷಡ್ಜ ಹಿಡಿದು ನಿಂತದ್ದನ್ನು ಗುರುಗಳು ಪೂರ್ತಿ ಕೇಳಿ, "ಗಾಳಿ ಜಾಸ್ತಿ, ಬುದ್ಧಿ ಕಮ್ಮಿ" ಎಂದಿದ್ದರು. ಅಂದಿನಿಂದ ಎರಡು ವರ್ಷ ಬೇರೆ ಪಾಠವೇ ಇಲ್ಲ. ಪಂಚಮ, ನಿಷಾದ, ತಡೆ. ಅವರ ಕೈಯಲ್ಲೊಂದು ಮರದ ಅಡಿಕೋಲು. ಅವಳು ನಿಷಾದ ಮುಟ್ಟಿದೊಡನೆ ಅದು ನೆಲಕ್ಕೆ ಟಕ್ಕೆಂದು ಬೀಳುತ್ತಿತ್ತು. ನಿಲ್ಲದೆ ಹರಿದುಹೋದರೆ ಮತ್ತೆ ಮೊದಲಿಂದ. ಒಂದು ದಿನ ನಲವತ್ತು ಸಲ ತಪ್ಪಿದಳು. ಉಳಿದ ಪಾಠವನ್ನು ಹೊರಗೆ ಚಪ್ಪಲಿಗಳ ಪಕ್ಕ ಕೂತು ಕೇಳು ಎಂದರು. ಕೂತು ಕೇಳಿದಳು, ಅತ್ತಳು, ಮರುದಿನ ಮತ್ತೆ ಬಂದಳು. ಕೊನೆಗೆ ಒಂದು ಬೆಳಿಗ್ಗೆ ಅಡಿಕೋಲು ಬೀಳುವ ಮೊದಲೇ ಉಸಿರು ತನ್ನಷ್ಟಕ್ಕೆ ಕಡಿಯಿತು. "ಈಗ ನಮ್ಮವಳಾದೆ" ಎಂದರು ಗುರುಗಳು. ಅವತ್ತು ಸಂತೋಷಕ್ಕೆ ಬಸ್ಸು ಹತ್ತದೆ ಮನೆಯವರೆಗೂ ನಡೆದುಕೊಂಡೇ ಹೋಗಿದ್ದಳು.

ಆ ನಡಿಗೆ ನೆನಪಾದದ್ದೇ ಅವಳ ಮೈಯೆಲ್ಲ ಉರಿಯಿತು. ಕ್ಯಾಸೆಟ್ಟನ್ನು ಕೈಚೀಲಕ್ಕೆ ಹಾಕಿಕೊಂಡು ಸೀದಾ ತಬಲಾ ಮಾಮನ ಮನೆಗೆ ಹೊರಟಳು.

ತಬಲಾ ಮಾಮ ನಲವತ್ತು ವರ್ಷದಿಂದ ಗುರುಗಳಿಗೆ ಸಾಥ್ ಕೊಡುತ್ತಿದ್ದವರು. ಹೊಲಿಗೆಯಂಗಡಿಯೊಂದರ ಮಹಡಿಯ ಮೇಲೆ ಒಂದೇ ಕೋಣೆ. ನೆಲದ ಮೇಲೆ ಕಾಲು ಚಾಚಿ, ತಬಲಾವನ್ನು ತೊಡೆಗಳ ನಡುವೆ ಇಟ್ಟುಕೊಂಡು, ಪುಟ್ಟ ಸುತ್ತಿಗೆಯಿಂದ ಅಂಚನ್ನು ತಟ್ಟಿ ತಟ್ಟಿ ಶ್ರುತಿ ಸೇರಿಸುತ್ತಿದ್ದರು. ಅವಳು ತಂದ ಕ್ಯಾಸೆಟ್ಟಿನ ತಾರೀಕು ನೋಡಿ ಅವರ ಮುಖ ಅರಳಿತು. ಆಗ ಇವರಿಗೆ ಏನು ದನಿ ಇತ್ತು, ಮೂರೂ ಸಪ್ತಕ ನೀರು ಕುಡಿದ ಹಾಗೆ ಎಂದು ಹೊಗಳಲು ಶುರುಮಾಡಿದರು. ಅವಳು ಮಾತು ತಡೆದು, ತಡೆ ಯಾವಾಗ ಬಂತು ಎಂದು ಕೇಳಿದಳು.

"ಆಪರೇಷನ್ ಆದ್ಮೇಲೆ," ಎಂದರು ಅವರು, ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ.

ಎಡಗಡೆಯ ಶ್ವಾಸಕೋಶದಲ್ಲಿ ಗಂಟಾಗಿತ್ತಂತೆ. ಕೆಳಗಿನ ಭಾಗವನ್ನು ತೆಗೆದರಂತೆ. ಹೊರಗೆ ಯಾರಿಗೂ ಹೇಳದೆ, ಪ್ರವಾಸದಲ್ಲಿದ್ದಾರೆ ಎಂದು ಒಂದು ವರ್ಷ ದಬ್ಬಿದರಂತೆ. ಆಮೇಲಿನ ಮೊದಲ ಕಛೇರಿಯಲ್ಲಿ ನಿಷಾದಕ್ಕೆ ಬರುವಷ್ಟರಲ್ಲಿ ಉಸಿರೇ ಮುಗಿದುಹೋಯಿತು. ಬಿದ್ದುಬಿಡುತ್ತೇನೆಂಬ ಭಯಕ್ಕೆ ಕೈ ಮೇಲೆತ್ತಿದರು. ಜನ ಅದೇನೋ ಭಾವ ಎಂದುಕೊಂಡು ಸ್ತಬ್ಧರಾದರು. ಹೇಗೋ ಉಸಿರು ಎಳೆದುಕೊಂಡು ಷಡ್ಜ ಹಾಕಿದಾಗ ಸಭೆ ಎದ್ದು ನಿಂತಿತು.

"ಮಾರನೇ ದಿನ ಪೇಪರ್‌ನವನು ಬರೆದ. ಇವರು ಓದಿದ್ರು. ಮುಗೀತಲ್ಲ, ಅದೇ ಇವರ ಶೈಲಿ ಆಯ್ತು, ಘರಾಣೆ ಆಯ್ತು." ತಬಲಾ ಮಾಮ ನಕ್ಕರು.

ಅವಳಿಗೆ ನಗು ಬರಲಿಲ್ಲ. ನೀವೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಕೇಳಿದಳು. ಅವರು ಸುತ್ತಿಗೆ ಕೆಳಗಿಟ್ಟು, ಗುರುಗಳೇ ಹೇಳಿರುತ್ತಾರೆ ಎಂದುಕೊಂಡಿದ್ದೆ ಎಂದರು. ಆಮೇಲೆ ಅದು ಸುಳ್ಳೆಂದು ತಮಗೇ ಅನ್ನಿಸಿತೇನೋ, ಮುಖ ತಗ್ಗಿಸಿದರು. "ಅವರ ಮನೆ ಒಲೆಯ ಜೊತೆಗೇ ನಮ್ಮನೆ ಒಲೆನೂ ಉರೀತಿತ್ತು ಕಣಮ್ಮ. ಬಾಯಿ ಬಿಟ್ಟು ನಾನೇನು ಮಾಡ್ಲಿ?" ಅವಳು ಅವರನ್ನೂ ಸರಿಯಾಗಿ ಬೈಯಬೇಕೆಂದಿದ್ದಳು. ಎಪ್ಪತ್ತು ವರ್ಷದ ಆ ಮನುಷ್ಯ ಮತ್ತೆ ಸುತ್ತಿಗೆ ಹುಡುಕುವುದನ್ನು ನೋಡಿ ಬೈಗುಳ ಗಂಟಲಲ್ಲೇ ಉಳಿಯಿತು. ಮೆಟ್ಟಿಲಿಳಿಯುವಾಗ ಅದು ಇನ್ನೂ ಅಲ್ಲೇ ಇತ್ತು.

ಮನೆಗೆ ಬಂದವಳೇ ತಂಬೂರಿ ತೆಗೆದಳು. ಈಗೇನು, ಕಾರಣ ಗೊತ್ತಾಯಿತಲ್ಲ, ಒಂದೇ ಉಸಿರಿನಲ್ಲಿ ಹಾಡಿಬಿಡುತ್ತೇನೆ ಎಂದುಕೊಂಡಿದ್ದಳು. ಪಂಚಮ ಹಿಡಿದಳು, ನಿಷಾದಕ್ಕೆ ಏರಿದಳು. ಹೊಟ್ಟೆ ಒಳಕ್ಕೆ ಎಳೆದುಕೊಂಡಿತು, ಗಂಟಲು ಮುಚ್ಚಿಕೊಂಡಿತು, ದನಿ ನಿಂತಿತು. ಮತ್ತೆ ಹಾಡಿದಳು. ಮತ್ತೆ ನಿಂತಿತು. ಎದೆಯಲ್ಲಿ ಬೇಕಾದಷ್ಟು ಗಾಳಿ ಉಳಿದಿತ್ತು, ಆದರೆ ಮುಂದಕ್ಕೆ ಹೋಗಲೊಲ್ಲದು. ನಿಧಾನವಾಗಿ ಹಾಡಿ ನೋಡಿದಳು, ವೇಗವಾಗಿ ಹಾಡಿ ನೋಡಿದಳು, ಮಲಗಿಕೊಂಡು ಹಾಡಿದಳು, ಬಚ್ಚಲಲ್ಲಿ ನಲ್ಲಿ ಬಿಟ್ಟು ಹಾಡಿದಳು. ರಾಗ ಬದಲಿಸಿ ನಿಷಾದಕ್ಕೆ ಮೋಸ ಮಾಡಲು ನೋಡಿದಳು. ಮೈ ಮೋಸ ಹೋಗಲಿಲ್ಲ. ಯಾರೋ ಒಳಗೆ ಕೂತು ಅಡಿಕೋಲು ಬಡಿಯುತ್ತಿದ್ದಂತಿತ್ತು.

ಹೀಗೆ ಎಂಟು ದಿನ. ಕಚೇರಿಯಿಂದ ಬಂದ ಗಂಡ ಒಂದು ಸಂಜೆ, ನಿಲ್ಲಿಸಿ ಹಾಡಿದರೂ ಚೆನ್ನಾಗಿರುತ್ತದೆ, ನಿಲ್ಲಿಸದಿದ್ದರೂ ಚೆನ್ನಾಗಿರುತ್ತದೆ, ತನಗೇನೂ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದ. ಸಮಾಧಾನಕ್ಕೆ ಹೇಳಿದ್ದು. ಅವಳು ಕೈಯಲ್ಲಿದ್ದ ಪುಸ್ತಕವನ್ನು ಗೋಡೆಗೆ ಎಸೆದಳು. ಆತ ಪುಸ್ತಕ ಎತ್ತಿ ಕಪಾಟಿನಲ್ಲಿಟ್ಟ.

ಸಿಟ್ಟು ಬರೀ ಗುರುಗಳ ಮೇಲಿದ್ದಿದ್ದರೆ ಹೊತ್ತುಕೊಂಡು ತಿರುಗಬಹುದಿತ್ತು. ಆದರೆ ವಾರಕ್ಕೆ ಮೂರು ದಿನ ಅವಳ ಮನೆಗೇ ಪಾಠಕ್ಕೆ ಬರುವವರು ಆರು ಜನರಿದ್ದರು. ಅವರಲ್ಲಿ ಐವರಿಗೆ ತಡೆ ಬಂದಿತ್ತು. ಬಾರದಿದ್ದದ್ದು ಕಂಡಕ್ಟರಮ್ಮನಿಗೆ ಮಾತ್ರ. ಐವತ್ತು ದಾಟಿದ ಆಕೆ ಸಿಟಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷದಿಂದ ಟಿಕೆಟ್ ಹರಿಯುತ್ತಿರುವವರು. ಬಾಲ್ಯದಿಂದ ಹಾಡುವ ಆಸೆ, ಈಗ ಮಕ್ಕಳು ದೊಡ್ಡವರಾಗಿ ಸ್ವಲ್ಪ ಪುರಸೊತ್ತು ಸಿಕ್ಕಿದೆ ಎಂದು ಆರು ತಿಂಗಳ ಹಿಂದೆ ಬಂದು ಸೇರಿದ್ದರು. ದನಿ ಒರಟು, ಶ್ರುತಿ ಅಷ್ಟಕ್ಕಷ್ಟೆ, ಉಸಿರು ಮಾತ್ರ ಮುಗಿಯುವುದೇ ಇಲ್ಲ. ನಿಷಾದದಲ್ಲಿ ನಿಲ್ಲಿ ಎಂದರೆ ಬ್ರೇಕು ಹಿಡಿಯದ ಗಾಡಿಯಂತೆ ಷಡ್ಜದ ಆಚೆಗೂ ಹೋಗುತ್ತಿದ್ದರು. ಉಳಿದವರು ಮುಸಿಮುಸಿ ನಗುತ್ತಿದ್ದರು. ತಬಲಾ ಮಾಮನ ಮನೆಗೆ ಹೋಗಿಬಂದ ಎರಡನೆಯ ದಿನ ಆಕೆ ಹಾಗೆಯೇ ಹರಿದುಹೋದಾಗ, ಎಲ್ಲ ತಿಳಿದಿದ್ದೂ, ಅವಳ ಬಾಯಿಂದ ಬಂದ ಮಾತು "ನಿಲ್ಲಿ, ಎಷ್ಟು ಸಲ ಹೇಳ್ಬೇಕು ನಿಮಗೆ" ಎಂದೇ. ಕಂಡಕ್ಟರಮ್ಮ ತಲೆ ತಗ್ಗಿಸಿ ಸಾರಿ ಎಂದರು. ಅವಳಿಗೆ ತನ್ನ ನಾಲಿಗೆಯನ್ನೇ ಕಿತ್ತು ಹಾಕಬೇಕೆನಿಸಿತು.

ಮರುದಿನ ಬೆಳಿಗ್ಗೆಯೇ ಗುರುಗಳ ಮನೆಗೆ ಹೋಗಬೇಕೆಂದುಕೊಂಡಳು. ಹೋಗಲು ಧೈರ್ಯ ಬಂದದ್ದು ಆರು ದಿನದ ಮೇಲೆ, ಶುಕ್ರವಾರ.

ಗುರುಗಳು ಅಭ್ಯಾಸದ ಕೋಣೆಯಲ್ಲಿ ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿದ್ದರು. ಪಕ್ಕದ ಮೇಜಿನ ಮೇಲೆ ಉಸಿರಿಗೆ ಎಳೆದುಕೊಳ್ಳುವ ನೀಲಿ ಪಂಪು. ಧೂಳಿನ ಅಲರ್ಜಿಗೆ ಎಂದು ಶಿಷ್ಯರಿಗೆಲ್ಲ ಹೇಳಿದ್ದ ಪಂಪು. ಭಾನುವಾರ ಸಂಜೆ ನಾಲ್ಕಕ್ಕೆ ಸನ್ಮಾನದ ಕಛೇರಿ, ಮುಲ್ತಾನಿಯಿಂದ ಶುರು ಮಾಡೋಣ, ನೀನು ಬಲಗಡೆ ಕೂತುಕೋ, ಅಂತರಾ ಪೂರ್ತಿ ನೀನೇ ಹಿಡಿ ಎಂದು ಅವಳನ್ನು ನೋಡಿದವರೇ ಹೇಳತೊಡಗಿದರು. ಅವಳು ಕ್ಯಾಸೆಟ್ಟನ್ನು ಪಂಪಿನ ಪಕ್ಕ ಇಟ್ಟಳು.

"ನೀವು ಮೂವತ್ತೆಂಟು ವರ್ಷದವರಿದ್ದಾಗ ಹಾಡಿದ ಮುಲ್ತಾನಿ. ಕೇಳಿದೆ."

ಅವರು ಕ್ಯಾಸೆಟ್ಟಿನ ಮೇಲಿನ ಬರಹವನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ, "ಹೇಗಿತ್ತು?" ಎಂದು ಕೇಳಿದರು.

"ಚೆನ್ನಾಗಿತ್ತು. ಅದಕ್ಕೇ ಬಂದೆ."

ಅವರಿಗೆ ಅರ್ಥವಾಯಿತು. ಮುಖದಲ್ಲಿ ಗಾಬರಿ ಕಂಡರೆ ಸಾಕು, ಅರ್ಧ ಸಿಟ್ಟು ಇಳಿಯುತ್ತದೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಗಾಬರಿ ಕಾಣಲಿಲ್ಲ. ಇಷ್ಟು ವರ್ಷ ತಡವಾಗಿ ಬಂದೆಯಲ್ಲ ಎನ್ನುವ ಹಾಗೆ ಕುರ್ಚಿಗೆ ಒರಗಿಕೊಂಡರು. ನಮಗೆ ಯಾಕೆ ಹೇಳಲಿಲ್ಲ, ಯಾಕೆ ಅದನ್ನು ಶೈಲಿ ಎಂದು ಕಲಿಸಿದಿರಿ ಎಂದು ಅವಳು ಕೇಳಿದಳು.

"ನೀವೆಲ್ಲ ನನ್ನ ಹಿಂದೆ ತಂಬೂರಿ ಹಿಡಿದು ಕೂತು ನನ್ನ ಜೊತೆ ಹಾಡೋರು. ನಾನು ನಿಂತ ಜಾಗದಲ್ಲಿ ನೀವು ನಿಲ್ಲದೆ ಹೋಗಿದ್ರೆ ಜನ ಯಾರ ಕಡೆ ನೋಡ್ತಿದ್ರು?"

"ನಿಮಗೆ ಉಸಿರಿರಲಿಲ್ಲ. ನನಗಿತ್ತು."

"ಇತ್ತು. ಅದಕ್ಕೇ ನಿನಗೆ ಎರಡು ವರ್ಷ ಹಿಡೀತು. ಬೇರೆಯವರಿಗೆಲ್ಲ ಆರು ತಿಂಗಳು ಸಾಕಾಯ್ತು."

ಹಾಗೆನ್ನುವಾಗ ಅವರ ಕಣ್ಣಿನಲ್ಲಿ ಹೆಮ್ಮೆಯಿತ್ತು. ಅವಳನ್ನು ಹೊಗಳುತ್ತಿದ್ದರು. ಇಪ್ಪತ್ತೆರಡು ವರ್ಷ ಯಾವ ನೋಟಕ್ಕಾಗಿ ಕಾದು ಕೂತಿದ್ದಳೋ, ಆ ನೋಟ ಅದೇ. ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಅವಳ ಎದೆಯಲ್ಲಿ ಏನಿತ್ತೆಂದು ಮೊದಲ ದಿನವೇ ಕಿವಿಯಾರೆ ಕೇಳಿ, ಲೆಕ್ಕ ಹಾಕಿ, ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಕತ್ತರಿಸಿ ತನ್ನ ಅಳತೆಗೆ ತಂದಿದ್ದರು. ರೋಗ ಬಂದದ್ದು ಅವರ ತಪ್ಪಲ್ಲ. ಆ ರೋಗವನ್ನು ಆರೋಗ್ಯವಂತರಿಗೆ ಅಂಟಿಸಿ, ಅವರಿಂದ ಕೈಮುಗಿಸಿಕೊಂಡದ್ದು ಅವರ ತಪ್ಪು.

"ಈಗ ನಂಗೆ ಬರ್ತಾ ಇಲ್ಲ," ಎಂದಳು. "ಎಂಟು ದಿನದಿಂದ ಹಾಡ್ತಾ ಇದೀನಿ. ನಿಷಾದ ದಾಟೋಕಾಗ್ತಾ ಇಲ್ಲ. ಅದನ್ನ ಹೇಗೆ ತೆಗೆಯೋದು, ಅದನ್ನಾದ್ರೂ ಹೇಳಿ."

ಗುರುಗಳು ಕಿಟಕಿಯಿಂದಾಚೆ ನೋಡಿದರು. ಅದು ತಮಗೂ ಗೊತ್ತಿಲ್ಲ ಎಂದರು. ಮತ್ತೆ ಅವಳ ಕಡೆ ತಿರುಗಿ, ನಿನಗೆ ಹೆಸರು ಬಂದದ್ದು ಆ ತಡೆಯಿಂದಲೇ ಅಲ್ಲವೇ, ನೀನೂ ಅದನ್ನೇ ಕಲಿಸುತ್ತೀಯಲ್ಲ ಎಂದು ಸೇರಿಸಿದರು.

"ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಭಾನುವಾರ ನಾನು ಬರಲ್ಲ."

ಅವರ ಎದುರು ಅವಳು ಯಾವತ್ತೂ ಇಲ್ಲ ಎಂದವಳಲ್ಲ. ಅವರು ಏನೋ ಹೇಳಲು ಹೊರಟು ಉಸಿರು ಸಾಲದೆ ಬಲಗೈ ಮೇಲೆತ್ತಿದರು. ಆ ಕೈ ಎದ್ದರೆ ಕಾಯಬೇಕು ಎಂದು ಅವಳ ಮೈಗೆ ಗೊತ್ತಿತ್ತು. ಈ ಸಲ ಕಾಯಲಿಲ್ಲ. ಹೊರಗೆ ಬಂದು, ಚಪ್ಪಲಿ ಮೆಟ್ಟಿಕೊಂಡು, ಗೇಟು ಹಾಕಿಕೊಂಡು ಹೊರಟುಹೋದಳು.

ಭಾನುವಾರ ಮೂರು ಗಂಟೆಯ ಹೊತ್ತಿಗೆ ಅವಳು ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಹೊರಗೆ ಹೋಗಿದ್ದ. ಶಿಷ್ಯರೆಲ್ಲ ಕಛೇರಿಗೆ ಹೋಗಿದ್ದರು. ಮೇಜಿನ ಮೇಲೆ ಬೋರಲು ಹಾಕಿದ್ದ ಫೋನು ಗುಂಯ್‌ಗುಟ್ಟುತ್ತ ಒಂದೊಂದೇ ಅಂಗುಲ ಸರಿಯುತ್ತಿತ್ತು. ಯಾರು ಎಂದು ನೋಡುವ ಅಗತ್ಯವಿರಲಿಲ್ಲ. ಬಾಗಿಲು ಬಡಿದ ಸದ್ದಾದಾಗ ಗುರುಗಳು ತಬಲಾ ಮಾಮನನ್ನೇ ಕಳಿಸಿರಬೇಕು ಎಂದುಕೊಂಡು, ನಾಲ್ಕು ಮಾತು ಬೈಯಲು ಸಿದ್ಧಳಾಗಿಯೇ ಬಾಗಿಲು ತೆಗೆದಳು.

ಹೊರಗೆ ಕಂಡಕ್ಟರಮ್ಮ ನಿಂತಿದ್ದರು. ಖಾಕಿ ಅಂಗಿ, ಹೆಗಲಲ್ಲಿ ಚರ್ಮದ ಚೀಲ. ಸೀದಾ ಡ್ಯೂಟಿಯಿಂದ ಬಂದಿದ್ದರು. ಬೈಸಿಕೊಂಡ ದಿನದಿಂದ ಪಾಠಕ್ಕೆ ಬಾರದ ಆಕೆಗೆ ಕಛೇರಿಯ ಸಂಗತಿ ಯಾರೂ ಹೇಳಿರಲಿಲ್ಲ. ಬೇರೆಯವರು ಇಲ್ಲದ್ದೇ ಒಳ್ಳೆಯದಾಯಿತು ಎಂದು ಚೀಲ ಇಳಿಸಿ, ಚಾಪೆಯ ಮೇಲೆ ಕೂತು, ಕುಡಿಯಲು ನೀರನ್ನೂ ಕೇಳದೆ ಹಾಡತೊಡಗಿದರು. ಪಂಚಮ. ನಿಷಾದ. ಅಲ್ಲಿ ಉಸಿರು ಕತ್ತರಿಸಿದಂತೆ ನಿಂತಿತು. ಬಲಗೈ ಮೇಲೆದ್ದಿತು. ಒಂದು ಕ್ಷಣ ಕಾದು, ಹೊಸ ಉಸಿರಿನಲ್ಲಿ ಷಡ್ಜ ಹಾಕಿದರು.

"ಬಂತು ಮೇಡಂ," ಎಂದರು. ಮುಖವೆಲ್ಲ ನಗು. "ವಾರ ಪೂರ್ತಿ ಡಿಪೋದಲ್ಲಿ ಇದೇ ಕೆಲಸ. ಡ್ರೈವರ್ ಹತ್ರ, ನಿಷಾದ ಬಂದಾಗ ಸ್ಟೇರಿಂಗ್ ಮೇಲೆ ಹೊಡೀಪ್ಪಾ ಅಂತ ಹೇಳಿ ಹೇಳಿ ನಿಲ್ಲಿಸೋದು ಕಲಿತೆ."

ಅವಳು ಆಕೆಯ ಎದುರಿಗೆ ಕೂತಳು. ಕಂಡಕ್ಟರಮ್ಮ ಶಹಬ್ಬಾಸಿಗೆ ಕಾಯುತ್ತಿದ್ದರು. ಕೊನೆಗೆ ಅವಳು, ಅದನ್ನು ಮರೆತುಬಿಡಿ, ಮೊದಲು ಹೇಗೆ ಹಾಡುತ್ತಿದ್ದಿರೋ ಹಾಗೇ ಹಾಡಿ ಎಂದಳು.

ಕಂಡಕ್ಟರಮ್ಮನ ನಗು ಇಳಿಯಿತು. ಆರು ತಿಂಗಳು ಎಲ್ಲರ ಎದುರು ಬೈಸಿಕೊಂಡದ್ದು, ಮಕ್ಕಳ ವಯಸ್ಸಿನವರ ಮುಂದೆ ನಗೆಪಾಟಲಾದದ್ದು ಎಲ್ಲ ಒಮ್ಮೆಲೇ ಮುಖಕ್ಕೆ ಬಂತು. "ಏನು ಮೇಡಂ, ನನ್ನ ನೋಡಿದ್ರೆ ಆಟ ಅನ್ಸುತ್ತಾ ನಿಮಗೆ? ಬರದೇ ಇದ್ದಾಗ ಬೈದ್ರಿ, ಬಂದ್ಮೇಲೆ ಬೇಡ ಅಂತೀರಿ."

ಆ ಸಿಟ್ಟು ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಗುರುಗಳ ಹಾಗೆ ಹೆಸರಿನ ಮಾತು, ಶೈಲಿಯ ಮಾತು, ಯಾವುದಾದರೊಂದನ್ನು ಎಸೆದು ಬಾಯಿ ಮುಚ್ಚಿಸಬಹುದಿತ್ತು.

"ನಾನು ತಪ್ಪು ಕಲಿಸಿದೆ," ಎಂದಳು. "ನಂಗೆ ಕಲಿಸಿದ್ದೇ ತಪ್ಪು. ನಂದು ಹೋಯ್ತು, ನಿಮ್ಮದು ಹೋಗಿ ಇನ್ನೂ ಒಂದು ವಾರ ಆಗಿದೆ ಅಷ್ಟೇ."

ಕಂಡಕ್ಟರಮ್ಮನಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಆದರೆ ಮೇಡಂ ಮುಖ ನೋಡಿ ಸಿಟ್ಟು ನುಂಗಿಕೊಂಡರು. ಹಾಡಿದರು, ನಿಷಾದದಲ್ಲಿ ನಿಂತರು. ಮತ್ತೆ ಹಾಡಿದರು, ಮತ್ತೆ ನಿಂತರು. ಅವಳು ಎದ್ದು ಹೋಗಿ ಆಕೆಯ ಹಿಂದೆ ಕೂತು, ಬೆನ್ನ ಮೇಲೆ ಅಂಗೈ ಇಟ್ಟಳು. ಹಾಡುವುದು ಬೇಡ, ಬಸ್ಸು ತುಂಬಿ ತುಳುಕುತ್ತಿದೆ, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ಕೇಳಿಸುವ ಹಾಗೆ ಸ್ಟಾಪು ಕೂಗಿ ಎಂದಳು. ಕಂಡಕ್ಟರಮ್ಮ ಸಂಕೋಚಪಟ್ಟು, ಆಮೇಲೆ ಎದೆಯುಬ್ಬಿಸಿ, ಮಾರ್ಕೆಟ್ ಎಂದು ಕೂಗಿದರು. ಎರಡನೆಯ ಸಲ ಆ ಕೂಗನ್ನು ಹಾಗೇ ಉದ್ದ ಎಳೆದರು. ಬೆನ್ನ ಮೇಲೆ ಅಂಗೈ ಇಟ್ಟಿದ್ದ ಅವಳಿಗೆ ಗಾಳಿ ಎಲ್ಲಿಂದ ಬಂದು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯಿತು.

"ಅದೇ ಉಸಿರಲ್ಲಿ ಹಾಡಿ," ಎಂದಳು. "ನಾನೂ ಹಾಡ್ತೀನಿ."

ಇಬ್ಬರೂ ಪಂಚಮ ಹಿಡಿದರು. ಒಂದು ದನಿ ನಯ, ಒಂದು ಒರಟು. ಇಬ್ಬರೂ ನಿಷಾದಕ್ಕೆ ಬಂದರು. ಅವಳ ಹೊಟ್ಟೆ ಒಳಕ್ಕೆ ಎಳೆದುಕೊಂಡಿತು, ಗಂಟಲು ಮುಚ್ಚಿಕೊಂಡಿತು. ಕಂಡಕ್ಟರಮ್ಮ ಅಲ್ಲಿ ನಿಲ್ಲಲಿಲ್ಲ. ಆ ಒರಟು ದನಿ, ಶ್ರುತಿಗೆ ಒಂದು ಕೂದಲೆಳೆ ಕೆಳಗೆ, ತಡವರಿಸುತ್ತ ಒಬ್ಬಂಟಿಯಾಗಿ ಷಡ್ಜಕ್ಕೆ ಹೋಯಿತು. ಹೋಗಿ, ತಪ್ಪು ಮಾಡಿದೆನೋ ಎಂಬ ಭಯದಲ್ಲಿ, ನಿಲ್ಲಿಸಲೇ ಎಂದು ಕಂಡಕ್ಟರಮ್ಮ ಕತ್ತು ತಿರುಗಿಸಿ ಕಣ್ಣಿನಲ್ಲೇ ಕೇಳಿದರು.

ಬೇಡವೆಂದು ಅವಳು ತಲೆಯಾಡಿಸಿದಳು. ಅಂಗೈಯನ್ನು ಇನ್ನೂ ಬಿಗಿಯಾಗಿ ಒತ್ತಿದಳು. ಬೆವರಿನಿಂದ ಒದ್ದೆಯಾದ ಖಾಕಿಯ ಕೆಳಗೆ ಪಕ್ಕೆಲುಬುಗಳು ಇನ್ನೂ ಹಿಗ್ಗಿಕೊಂಡೇ ಇದ್ದವು.